ಬಾಡಿಗೆಯಿಂದ ಬೆಲೆ ಕಟ್ಟಿ: ಶಿವಮೊಗ್ಗದಲ್ಲಿ ಹೂಡಿಕೆಗಾಗಿ ಫ್ಲ್ಯಾಟ್ ಕೊಳ್ಳುವ ಕ್ರಮ

ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ನಮ್ಮ ಕಡೆಯವರು ಮೊದಲು ವಿಚಾರಿಸುವುದು ಸೈಟನ್ನು. ಫ್ಲ್ಯಾಟ್ ಕೊಳ್ಳುವವರೂ ಹೊಸ ಕಟ್ಟಡವನ್ನೇ ಹುಡುಕುತ್ತಾರೆ. 2023ರ ಫೆಬ್ರುವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲಂತೂ ಮುಂದೆ ಬೆಲೆ ಏರುತ್ತದೆ ಎಂಬ ಮಾತಿಗೆ ಬಲ ಬಂದಿದೆ. ಬೆಲೆ ಏರಿದರೆ ಮಾತ್ರ ಲಾಭ ಎನ್ನುವಂಥ ಖರೀದಿಯನ್ನು ವ್ಯಾಪಾರವೆಂದು ಒಪ್ಪಲು ನಾನು ಸಿದ್ಧನಿಲ್ಲ. ಫ್ಲ್ಯಾಟಿನ ಬೆಲೆಯನ್ನು ಅದು ತರುವ ಬಾಡಿಗೆಯಿಂದಲೇ ಕಟ್ಟಬೇಕು.

ಉದಾಹರಣೆಗೆ, ಎರಡು ಮಲಗುವ ಕೋಣೆಗಳ ಫ್ಲ್ಯಾಟೊಂದಕ್ಕೆ 40 ಲಕ್ಷ ಬೆಲೆ, 14,000 ರೂಪಾಯಿ ಬಾಡಿಗೆ ಎಂದುಕೊಳ್ಳೋಣ. ವರ್ಷದ 1,68,000 ರೂಪಾಯಿಯಲ್ಲಿ ಒಂದು ತಿಂಗಳು ಮನೆ ಖಾಲಿ ಇರಬಹುದೆಂದು 14,000, ನಿರ್ವಹಣಾ ಶುಲ್ಕಕ್ಕೆ 18,000, ಕಂದಾಯಕ್ಕೆ 5,000, ಬಣ್ಣ ಮತ್ತು ರಿಪೇರಿಗೆ 12,000 ಕಳೆದರೆ ಕೈಯಲ್ಲಿ ಉಳಿಯುವುದು 1,19,000. ಮುದ್ರಾಂಕ ಶುಲ್ಕ, ನೋಂದಣಿ, ಒಳಗಿನ ಕೆಲಸ ಎಲ್ಲ ಸೇರಿ 44 ಲಕ್ಷ ಹೂಡಿದ್ದರೆ ಇದು ಶೇ 2.7ರ ಗಳಿಕೆ. ಶೇ 8.5ರ ಬಡ್ಡಿಗೆ 20 ಲಕ್ಷ ಸಾಲ ಮಾಡಿದ್ದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 1,70,000. ಅಂದರೆ ಬಾಡಿಗೆ ಬರುತ್ತಿದ್ದರೂ ಕೈಯಿಂದ ಹಣ ಹಾಕಬೇಕು. ಇದೇ ಲೆಕ್ಕವನ್ನು ತಿರುಗಿಸಿ: ನಿಮಗೆ ಶೇ 5ರ ಗಳಿಕೆ ಬೇಕಿದ್ದರೆ ಎಲ್ಲ ಖರ್ಚೂ ಸೇರಿ 23.8 ಲಕ್ಷ ಮೀರುವಂತಿಲ್ಲ. ಆ ಅಂಕಿಯನ್ನು ಬರೆದಿಟ್ಟುಕೊಂಡೇ ಮನೆ ನೋಡಲು ಹೊರಡಿ.

ಅಷ್ಟಕ್ಕೆ ಹೊಸ ಫ್ಲ್ಯಾಟ್ ಸಿಗುವುದು ಕಷ್ಟ. ಆದ್ದರಿಂದ ಇತರರು ಬೇಡವೆಂದು ಬಿಟ್ಟ ಹಳೆಯ ಕಟ್ಟಡಗಳನ್ನು, ಲಿಫ್ಟ್ ಇಲ್ಲದ ಎರಡನೆಯ ಮಹಡಿಯನ್ನು, ಮಾಲೀಕರು ಬೆಂಗಳೂರಿನಲ್ಲಿ ನೆಲೆಸಿದ ಕಾರಣ ಬೀಗ ಹಾಕಿರುವ ಮನೆಗಳನ್ನು ಹುಡುಕಬೇಕು. ಮೆಗ್ಗಾನ್ ಆಸ್ಪತ್ರೆಯ ಸುತ್ತ ವೈದ್ಯಕೀಯ ಸಿಬ್ಬಂದಿ, ನವುಲೆಯ ಎಂಜಿನಿಯರಿಂಗ್ ಕಾಲೇಜಿನ ಆಸುಪಾಸಿನಲ್ಲಿ ಅಧ್ಯಾಪಕರು, ವರ್ಗವಾಗಿ ಬರುವ ಬ್ಯಾಂಕ್ ನೌಕರರು ಬಾಡಿಗೆದಾರರಾಗಿ ಸಿಗುವ ಸಾಧ್ಯತೆ ಇರುವುದರಿಂದ, ಇವರಿಗೆ ಅನುಕೂಲವಾಗುವ ಜಾಗವೇ ನಿಮ್ಮ ಜಾಗ.

ಮನೆಯನ್ನು ಜುಲೈ ಅಥವಾ ಆಗಸ್ಟ್‌ನಲ್ಲಿ, ಮಳೆ ಹಿಡಿದಿರುವಾಗಲೇ ನೋಡಿ. ಬೇಸಿಗೆಯಲ್ಲಿ ಬಣ್ಣ ಬಳಿದ ಗೋಡೆ ನಿಜ ಹೇಳುವುದಿಲ್ಲ. ಬೀರುವನ್ನು ಸರಿಸಿ ಹಿಂದಿನ ಗೋಡೆಯನ್ನು ಅಂಗೈಯಿಂದ ಮುಟ್ಟಿ. ಬಚ್ಚಲಿನ ಆಚೆಬದಿಯ ಗೋಡೆಯ ಬುಡದಲ್ಲಿ ಪ್ಲಾಸ್ಟರ್ ಉಬ್ಬಿದೆಯೇ ನೋಡಿ. ತಾರಸಿ ಹತ್ತಿ ನೀರು ನಿಂತ ಕಡೆ ಪಾಚಿ ಕಟ್ಟಿದೆಯೇ, ಮೇಲೆ ಶೀಟು ಹೊದಿಸಿದ್ದಾರೆಯೇ ಎಂದು ಪರೀಕ್ಷಿಸಿ. ಬಚ್ಚಲಿನ ಸೋರಿಕೆ ಸಾಮಾನ್ಯವಾಗಿ ದುಡ್ಡಿನಿಂದ ಸರಿಹೋಗುತ್ತದೆ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಬಹುದು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ಆ ಬೀದಿಗೆ ನೀರು ನುಗ್ಗಿತ್ತೇ ಎಂದು ಪಕ್ಕದ ಕಿರಾಣಿ ಅಂಗಡಿಯವರನ್ನು ಕೇಳಿ. ನುಗ್ಗಿತ್ತು ಎಂದಾದರೆ ಎಷ್ಟು ಅಗ್ಗವಾದರೂ ಬೇಡ.

ದಾಖಲೆಯ ದೋಷದಿಂದ ಅಗ್ಗವಾದ ಮನೆಯೂ ಅಷ್ಟೇ. ಇ-ಖಾತೆ, ಕನಿಷ್ಠ 30 ವರ್ಷದ ಇ.ಸಿ. (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ ಮತ್ತು ಸಾಲ ತೋರಿಸುವ ಋಣಭಾರ ಪತ್ರ), ಅನುಮೋದಿತ ನಕ್ಷೆ, ಸ್ವಾಧೀನಾನುಭವ ಪತ್ರ (ಕಟ್ಟಡದಲ್ಲಿ ವಾಸಿಸಲು ಅನುಮತಿ ನೀಡುವ ಒ.ಸಿ.), ಕ್ರಯಪತ್ರದಲ್ಲಿ ನಿಮ್ಮ ಪಾಲಿನ ಜಮೀನಿನ ಚದರಡಿ ಇವಿಷ್ಟನ್ನೂ ವಕೀಲರಿಂದ ಓದಿಸಿ. ಕಟ್ಟಡ ಹಳತಾಗುತ್ತಾ ಹೋದಂತೆ ಬೆಲೆ ಉಳಿಯುವುದು ಮುಖ್ಯವಾಗಿ ಆ ಜಮೀನಿನ ಪಾಲಿನಲ್ಲಿ. ಮಾಲೀಕರ ಸಂಘದ ಲೆಕ್ಕಪುಸ್ತಕವನ್ನೂ ಕೇಳಿ ನೋಡಿ. ಬಾಕಿ ಉಳಿಸಿಕೊಂಡವರು ಹೆಚ್ಚಿದ್ದರೆ ನೀರಿನ ಮೋಟಾರು ಕೆಟ್ಟ ದಿನ ಆ ಭಾರ ನಿಮ್ಮ ಮೇಲೂ ಬೀಳುತ್ತದೆ.

ಇನ್ನು ಚೌಕಾಸಿ. ಬಾಡಿಗೆಯ ಲೆಕ್ಕವನ್ನು ಮಾರುವವರ ಮುಂದೆ ಬಿಚ್ಚಿಟ್ಟು, ಈ ಕಾರಣಕ್ಕೆ ಇಷ್ಟೇ ಕೊಡಬಲ್ಲೆ ಎಂದು ಗೌರವದಿಂದ ಹೇಳಿ. ಹೆಚ್ಚಿನವರು ಒಪ್ಪುವುದಿಲ್ಲ. ಫೋನ್ ನಂಬರ್ ಕೊಟ್ಟು ಬನ್ನಿ. ಮನೆ ಇನ್ನೊಂದು ಮಳೆಗಾಲ ಖಾಲಿ ಉಳಿದರೆ ಅವರೇ ಕರೆ ಮಾಡಲೂಬಹುದು, ಅಲ್ಲಿಯವರೆಗೆ ಹಣ ಬ್ಯಾಂಕಿನಲ್ಲಿ ಠೇವಣಿಯಾಗಿ ಇರಲಿ.