ಗೇಟಲ್ಲಿ ಎಲ್ರೂ "ಇಲ್ಲ" ಅಂತಾನೇ ಹೇಳ್ತಿದ್ರು

ನಾನು ಆಸ್ಪತ್ರೇಲಿ ಇನ್ಫೆಕ್ಷನ್ ಕಂಟ್ರೋಲ್ ನರ್ಸ್. ಹೆಸರು ದೊಡ್ಡದು, ಕೆಲಸ ಮಾತ್ರ ದಿನದಲ್ಲಿ ಅರ್ಧ ಹೊತ್ತು "ಕೆಮ್ಮು ಇದ್ಯಾ, ಎಷ್ಟು ದಿನದಿಂದ" ಅಂತ ಕೇಳ್ಕೊಂಡು ಓಡಾಡೋದು. ಈ ಒಂದು ಪ್ರಶ್ನೆ ಸರಿಯಾಗಿ ಕೇಳೋದು ಕಲಿಯೋಕೆ ನಂಗೆ ವರ್ಷಗಳೇ ಹಿಡೀತು.

ಶುರುನಲ್ಲಿ ನಮ್ಮ ಸ್ಕ್ರೀನಿಂಗ್ ಅಂದ್ರೆ ಬಾಗಿಲಲ್ಲಿ ಒಬ್ಬ ಸೆಕ್ಯುರಿಟಿ, ಕೈಲಿ ಹಣೆಗೆ ಹಿಡಿಯೋ ಥರ್ಮಾಮೀಟರ್ ಗನ್ನು, ಪಕ್ಕದಲ್ಲಿ ಒಂದು ರಿಜಿಸ್ಟರು. ಜ್ವರ, ಕೆಮ್ಮು, ನೆಗಡಿ ಅಂತ ಮೂರು ಕಾಲಮ್ಮು, ಮೂರಕ್ಕೂ ಇಲ್ಲ ಇಲ್ಲ ಇಲ್ಲ, ಪುಟಗಟ್ಟಲೆ ಇಲ್ಲ. ಒಳಗೆ ವೇಯ್ಟಿಂಗ್ ಹಾಲಲ್ಲಿ ಐದು ನಿಮಿಷ ನಿಂತ್ರೆ ಸಾಕು, ನಾಲ್ಕೂ ಮೂಲೆಯಿಂದ ಕೆಮ್ಮು ಕೇಳಿಸ್ತಿತ್ತು.

ಒಂದ್ಸಲ ಕ್ಯಾನ್ಸರಿಗೆ ಕೀಮೋ ತಗೊಳ್ತಿದ್ದೋರು ಇದ್ದ ವಾರ್ಡಲ್ಲಿ ಮೂರ್ನಾಲ್ಕು ದಿನದೊಳಗೆ ಅಕ್ಕಪಕ್ಕದ ಬೆಡ್ಡಿನ ಇಬ್ಬರಿಗೆ ಇನ್‌ಫ್ಲುಯೆಂಜಾ, ಅಂದ್ರೆ ಫ್ಲೂ ಬಂತು. ಇಬ್ಬರೂ ವಾರದಿಂದ ಅಲ್ಲೇ ಇದ್ದೋರು, ಹೊರಗಿಂದ ತಂದಿದ್ದಲ್ಲ. ಹುಡುಕ್ತಾ ಹೋದ್ರೆ ಪಕ್ಕದ ಬೆಡ್ಡಿನ ಅಜ್ಜಿ ಜೊತೆ ಇದ್ದ ಸೊಸೆಗೆ ಗಂಟಲು ಕಟ್ಕೊಂಡಿತ್ತು, ಸೆರಗಲ್ಲಿ ಮೂಗು ಒರೆಸ್ಕೊಳ್ತಾ ಎಲ್ಲರಿಗೂ ನೀರು ತಂದುಕೊಡೋದು, ಬೆಡ್ ಎತ್ತರಿಸೋದು, ಪಾಪ ಇಡೀ ವಾರ್ಡಿಗೆ ಸಹಾಯ ಮಾಡ್ತಿದ್ರು. ಗೇಟಲ್ಲಿ ಯಾಕಮ್ಮ ಹೇಳ್ಲಿಲ್ಲ ಅಂದೆ. "ಬೆಳಿಗ್ಗೆನೇ ಜ್ವರದ ಮಾತ್ರೆ ನುಂಗಿದ್ದೆ ಸಿಸ್ಟರ್, ಅವ್ರು ಗನ್ ಹಿಡಿದಾಗ ಜ್ವರ ಇರ್ಲಿಲ್ಲ. ಇದೆ ಅಂದಿದ್ರೆ ಒಳಗೆ ಬಿಡ್ತಿದ್ರಾ? ಅತ್ತೆನ ಯಾರು ನೋಡ್ಕೊಳ್ತಿದ್ರು?"

ನಂಗೆ ಬೈಯೋಕೆ ಬಾಯಿ ಬರ್ಲಿಲ್ಲ. ಅವರು ಹೇಳಿದ್ದು ಸರಿ ಇತ್ತು, ನಮ್ಮ ಗೇಟಲ್ಲಿ "ಹೌದು" ಅಂದೋರಿಗೆ ಸಿಗ್ತಿದ್ದಿದ್ದು ಒಂದೇ, ಹೊರಗೆ ನಿಲ್ಲೋ ಶಿಕ್ಷೆ, ಅಂಥ ಕಡೆ ಯಾರು ನಿಜ ಹೇಳ್ತಾರೆ ಹೇಳಿ.

ಆವತ್ತಿಂದ ನಾನು ಮೊದಲು ಬದಲಾಯಿಸಿದ್ದು ಮಾತಿನ ಕ್ರಮ. ಪ್ರಶ್ನೆಗೆ ಮುಂಚೆನೇ ಹೇಳಿಬಿಡೋದು, "ಕೆಮ್ಮು ನೆಗಡಿ ಇದ್ರೆ ವಾಪಸ್ ಕಳ್ಸಲ್ಲ, ಒಂದು ಮಾಸ್ಕ್ ಕೊಡ್ತೀವಿ, ಆ ಕಿಟಕಿ ಹತ್ರ ಬೇರೆ ಕುರ್ಚಿ ಹಾಕಿದೀವಿ, ಡಾಕ್ಟರು ನಿಮ್ಮನ್ನೇ ಮೊದಲು ನೋಡ್ತಾರೆ." ಈ ಕೊನೇ ಮಾತಿಗೇ ಜಾಸ್ತಿ ಬೆಲೆ. ಬೇಗ ನೋಡಿ ಕಳಿಸೋದು ಅವರಿಗೂ ಅನುಕೂಲ, ನಮಗೂ, ಯಾಕಂದ್ರೆ ಕೆಮ್ಮೋ ಮನುಷ್ಯ ಹಾಲಲ್ಲಿ ಎರಡು ಗಂಟೆ ಕೂರೋ ಬದಲು ಹತ್ತು ನಿಮಿಷಕ್ಕೆ ಹೊರಗೆ ಹೋಗ್ತಾನೆ.

ಆಮೇಲೆ ಪ್ರಶ್ನೆಗಳು. ಜ್ವರ ಇದ್ಯಾ ಅಂತ ಮಾತ್ರ ಕೇಳಿದ್ರೆ ಪ್ರಯೋಜನ ಇಲ್ಲ, ನಿನ್ನೆಯಿಂದ ಜ್ವರದ ಮಾತ್ರೆ ಏನಾದ್ರೂ ತಗೊಂಡ್ರಾ ಅಂತಾನೂ ಕೇಳ್ಬೇಕು. ವಯಸ್ಸಾದವರಿಗೆ, ರೋಗನಿರೋಧಕ ಶಕ್ತಿ ಕಮ್ಮಿ ಇರೋರಿಗೆ ಒಳಗೆ ಇನ್ಫೆಕ್ಷನ್ ಇದ್ರೂ ಎಷ್ಟೋ ಸಲ ಮೈ ಬಿಸಿನೇ ಆಗಲ್ಲ, ಅವ್ರ ಮುಂದೆ ಗನ್ನು ಸುಮ್ನೆ ಆಟದ ಸಾಮಾನು. ಕೆಮ್ಮು ಇದ್ಯಾ ಅಂತ ಕೇಳಿದ್ರೆ ದಿನಾ ಕೆಮ್ಮೋರು ಇಲ್ಲ ಅಂತಾರೆ, ಅವ್ರಿಗೆ ಅದು ಕೆಮ್ಮು ಅಂತಾನೇ ಅನ್ಸಲ್ಲ, ಅದಕ್ಕೆ "ಹೊಸ ಕೆಮ್ಮಾ, ಹಳೇದಾ, ಹಳೇದು ಈಗ ಜಾಸ್ತಿ ಆಗಿದ್ಯಾ" ಅಂತೀನಿ. ಮನೇಲಿ ಯಾರಿಗಾದ್ರೂ ಹುಷಾರಿಲ್ವಾ, ಮೈಮೇಲೆ ಗುಳ್ಳೆ ಅಥವಾ ಕೆಂಪು ದದ್ದು ಇದ್ಯಾ, ಇತ್ತೀಚೆಗೆ ಎಲ್ಲಾದ್ರೂ ದೂರ ಹೋಗಿ ಬಂದ್ರಾ, ಇಷ್ಟೇ. ಒಂದು ನಿಮಿಷದ ಮೇಲೆ ಹೋದ್ರೆ ಹಿಂದಿರೋ ಕ್ಯೂ ಗಲಾಟೆ ಶುರು ಮಾಡುತ್ತೆ.

ಮುಖ್ಯವಾಗಿ ಜೊತೆಗೆ ಬಂದೋರನ್ನ ಬೇರೆಯಾಗಿ, ಅವರ ಮುಖ ನೋಡಿ ಕೇಳ್ಬೇಕು. ಇಲ್ಲಾಂದ್ರೆ ಎಲ್ಲ ಪ್ರಶ್ನೆನೂ ರೋಗಿ ಬಗ್ಗೆ ಅಂದ್ಕೊಂಡು ಉತ್ತರ ಕೊಡ್ತಾರೆ, ಅಪ್ಪನಿಗೆ ಕೆಮ್ಮಿಲ್ಲ ಸಿಸ್ಟರ್ ಅಂತ ತಾವೇ ಕೆಮ್ತಾ ಹೇಳಿದೋರನ್ನ ನೋಡಿದೀನಿ.

ಟೇಬಲ್ ಎಲ್ಲಿ ಹಾಕ್ತೀವಿ ಅನ್ನೋದನ್ನ ನಾನು ಪೆಟ್ಟು ತಿಂದು ಕಲಿತೆ. ನಮ್ಮ ಟೇಬಲ್ಲು ಚೀಟಿ ಮಾಡಿಸೋ ಕೌಂಟರ್ ಆದ್ಮೇಲೆ ಇತ್ತು. ಒಂದು ದಿನ ಜ್ವರ, ಕೆಮ್ಮು, ಮೂಗು ಸೋರೋದು, ಕೆಂಪು ಕಣ್ಣು, ಮುಖದ ಮೇಲೆ ಆಗ ತಾನೆ ಎದ್ದ ದದ್ದು ಇದ್ದ ಒಂದು ಮಗು ನನ್ನ ಮುಂದೆ ಬರೋ ಹೊತ್ತಿಗೆ ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತಾಗಿತ್ತು. ದಡಾರ. ಅದರ ವೈರಸ್ಸು ರೋಗಿ ಎದ್ದು ಹೋದ್ಮೇಲೂ ಎರಡು ಗಂಟೆವರೆಗೆ ಗಾಳೀಲಿ ಇರಬಹುದು, ಲಸಿಕೆ ಆಗದೇ ಇರೋ ಹತ್ತು ಜನ ಹತ್ರ ಇದ್ರೆ ಒಂಬತ್ತು ಜನಕ್ಕೆ ತಗಲುತ್ತೆ, ದದ್ದು ಏಳೋಕೆ ನಾಲ್ಕು ದಿನ ಮುಂಚಿಂದಾನೇ ಹರಡುತ್ತೆ. ಆವತ್ತು ಸಾಯಂಕಾಲ ಆ ಹಾಲಲ್ಲಿ ಯಾರ್ಯಾರಿದ್ರು ಅಂತ ಚೀಟಿ ಹಿಡ್ಕೊಂಡು ಒಬ್ಬೊಬ್ಬರಿಗೇ ಫೋನು, ಯಾಕಂದ್ರೆ ಲಸಿಕೆ ಆಗದೋರಿಗೆ 72 ಗಂಟೆಯೊಳಗೆ ಲಸಿಕೆ ಕೊಟ್ರೆ ಇನ್ನೂ ಅವಕಾಶ ಇರುತ್ತೆ, ಗರ್ಭಿಣಿಯರಿಗೆ ಲಸಿಕೆ ಹಾಕಂಗಿಲ್ಲ, ಅವರಿಗೆ ಆರು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್, ಅಂದ್ರೆ ರೆಡಿಮೇಡ್ ಪ್ರತಿಕಾಯ, ಬೇಕಾಗ್ಬಹುದು. ಚೀಟಿ ಮಾಡಿಸಿದವರ ನಂಬರ್ ಸಿಕ್ತು, ಜೊತೆಗೆ ಬಂದಿದ್ದೋರ ಹೆಸರೇ ನಮ್ಮತ್ರ ಇರ್ಲಿಲ್ಲ. ಮಾರನೇ ದಿನ ಟೇಬಲ್ ಬಾಗಿಲಿನ ಹೊರಗೆ ಹೋಯ್ತು, ರಿಜಿಸ್ಟರಲ್ಲಿ ಜೊತೆಗಿರೋರಿಗೂ ಒಂದು ಸಾಲು ಬಂತು.

ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಅಂದ ತಕ್ಷಣ ನನ್ನ ತಲೇಲಿ ಬರೋದು ಟಿಬಿ. ತೂಕ ಇಳಿದಿದ್ಯಾ, ರಾತ್ರಿ ಬೆವರುತ್ತಾ, ಸಾಯಂಕಾಲ ಜ್ವರ ಬರುತ್ತಾ ಅಂತ ಕೇಳಿ, ಮಾಸ್ಕ್ ಹಾಕ್ಸಿ, ಗಾಳಿ ಆಡೋ ಕಡೆ ಕೂರಿಸೋದು. ಒಬ್ರು ಇದು ಸಿಗರೇಟ್ ಕೆಮ್ಮು ಸಿಸ್ಟರ್, ಇಪ್ಪತ್ತು ವರ್ಷದ್ದು ಅಂತ ನಕ್ಕರು, ಪ್ಯಾಂಟು ಮಾತ್ರ ಸೊಂಟದಲ್ಲಿ ನಿಲ್ತಿರ್ಲಿಲ್ಲ, ಬೆಲ್ಟಿಗೆ ಹೊಸ ತೂತು ಹಾಕಿಸ್ಕೊಂಡಿದ್ರು. ಕಫ ಕಳ್ಸಿದ್ವಿ, ಪಾಸಿಟಿವ್. ಕಫ ತೆಗೆಯೋಕೆ ಬಾತ್‌ರೂಮಿಗೆ ಕಳಿಸಬಾರದು, ಅಲ್ಲಿ ಗಾಳಿ ಓಡಲ್ಲ, ಹೊರಗೆ ಬಯಲಲ್ಲಿ ಜನ ಇಲ್ದಿರೋ ಕಡೆ ತೆಗೀಬೇಕು, ಇದನ್ನ ಹೊಸಬರಿಗೆ ಪ್ರತಿಸಲ ಹೇಳ್ತೀನಿ. ಅವರ ಹೆಂಡ್ತಿನೂ ಕೆಮ್ತಿದ್ರು, ಯಾರೂ ಕೇಳಿರ್ಲಿಲ್ಲ.

ಮಾಸ್ಕ್ ವಿಷಯದಲ್ಲಿ ಜನಕ್ಕೆ ಒಂದು ಗೊಂದಲ ಇದೆ. ಕೆಮ್ಮೋರಿಗೆ ಸಾದಾ ಸರ್ಜಿಕಲ್ ಮಾಸ್ಕ್ ಸಾಕು, ಮುಖಕ್ಕೆ ಬಿಗಿಯಾಗಿ ಕೂತು ಗಾಳಿ ಸೋಸೋ ಎನ್‌95 ಮಾಸ್ಕ್ ಬೇಕಾಗಿರೋದು ಟಿಬಿ, ದಡಾರದ ಥರದ ಕೇಸ್ ಹತ್ರ ಹೋಗೋ ನಮಗೆ.

ಹಾಗಾದ್ರೆ ಜೊತೆಗಿರೋರು "ಹೌದು, ನೆಗಡಿ ಇದೆ" ಅಂದ್ರೆ ಏನ್ಮಾಡ್ಬೇಕು? ನಂಗೆ ತಲೆನೋವು ತಂದಿದ್ದು ಇದೇ. ಬೇರೆ ಯಾರಾದ್ರೂ ಬರೋಕಾಗುತ್ತಾ ಅಂತ ಮೊದಲು ಕೇಳ್ತೀನಿ, ಆಗುತ್ತೆ ಅಂದ್ರೆ ಅವ್ರು ಬರೋವರ್ಗೂ ರೋಗಿ ಜವಾಬ್ದಾರಿ ವಾರ್ಡ್ ಸಿಸ್ಟರದ್ದು ಅಂತ ಅಲ್ಲೇ ಫೋನ್ ಮಾಡಿ ಹೇಳ್ತೀನಿ, ಬರೀ ಭರವಸೆ ಕೊಟ್ರೆ ನಂಬಲ್ಲ. ಯಾರೂ ಇಲ್ಲಾಂದ್ರೆ ಮಾಸ್ಕ್ ತೆಗೀದೆ, ಕೈ ತೊಳೀತಾ, ತಮ್ಮ ಬೆಡ್ ಬಿಟ್ಟು ಬೇರೆ ಬೆಡ್ ಹತ್ರ ಹೋಗದೆ ಇರ್ಬೇಕು. ಎದೆಹಾಲು ಕುಡ್ಸೋ ತಾಯಿನ ನೆಗಡಿ ಅಂತ ಮಗು ಹತ್ರ ಬಿಡದೆ ಇರೋದು ತಪ್ಪು, ಮಾಸ್ಕ್ ಹಾಕ್ಕೊಂಡು ಕೈ ತೊಳ್ಕೊಂಡು ಕುಡ್ಸಬಹುದು. ಕೀಮೋ, ಡಯಾಲಿಸಿಸ್, ಐಸಿಯು, ಎಳೇ ಮಕ್ಕಳ ವಾರ್ಡಲ್ಲಿ ಮಾತ್ರ ನೋಡೋಕೆ ಬರೋರ ವಿಷಯದಲ್ಲಿ ನಾನು ಜಗ್ಗಲ್ಲ. ಆರ್‌ಎಸ್‌ವಿ ಅನ್ನೋ ವೈರಸ್ಸು ದೊಡ್ಡೋರಿಗೆ ಬರೀ ನೆಗಡಿ, ಎರಡು ತಿಂಗಳ ಮಗುಗೆ ಉಸಿರಾಡೋಕೇ ಕಷ್ಟ. ನಾಯಿಕೆಮ್ಮಂತೂ ಇನ್ನೂ ಮೋಸ, ಅಜ್ಜಿಗೆ ವಾರಗಟ್ಟಲೆ ಕೆಮ್ಮು ಅಷ್ಟೇ, ಅವರಿಂದ ತಗುಲಿದ ಎಳೇ ಕೂಸು ಕೆಮ್ಮದೇನೇ ಉಸಿರು ನಿಲ್ಲಿಸಿಬಿಡಬಹುದು.

2015ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮರ್ಸ್ ಅನ್ನೋ ಉಸಿರಾಟದ ವೈರಸ್ ಕಾಯಿಲೆ ಹರಡಿದಾಗ 186 ಜನಕ್ಕೆ ಬಂತು, 38 ಜನ ತೀರ್ಕೊಂಡ್ರು. ಹೆಚ್ಚಾಗಿ ಹರಡಿದ್ದು ಆಸ್ಪತ್ರೆಗಳ ಒಳಗೇನೇ, ತಗುಲಿದೋರಲ್ಲಿ ರೋಗಿ ಜೊತೆಗಿದ್ದ ಮನೆಯವರು, ನೋಡೋಕೆ ಬಂದೋರು ತುಂಬಾ ಜನ. ಅಡ್ಮಿನಿಸ್ಟ್ರೇಷನ್ನೋರು ಜೊತೆಗಿರೋರ ರಿಜಿಸ್ಟರ್ ಯಾಕೆ ಅಂತ ಕೇಳಿದಾಗೆಲ್ಲ ನಾನು ಇದನ್ನೇ ಹೇಳೋದು.

ಗೇಟಲ್ಲಿ ಒಂದ್ಸಲ ಕೇಳಿ ಮುಗೀತು ಅಂದ್ಕೊಳ್ಳೋದೂ ತಪ್ಪು. ಫ್ಲೂ ತಗುಲಿ ಒಂದರಿಂದ ನಾಲ್ಕು ದಿನಕ್ಕೆ ಲಕ್ಷಣ ಬರುತ್ತೆ, ಅದಕ್ಕೆ ಒಂದು ದಿನ ಮುಂಚೆನೇ ಹರಡೋಕೆ ಶುರು, ಸೋಮವಾರ ಚೆನ್ನಾಗಿದ್ದೋರು ಬುಧವಾರ ಬೆಡ್ ಪಕ್ಕ ಕೂತು ಸೀನ್ತಿರ್ತಾರೆ. ಅದಕ್ಕೇ ಬೆಳಿಗ್ಗೆ ಬಿಪಿ ನೋಡೋ ಸಿಸ್ಟರೇ ರೋಗಿ, ಜೊತೆಗಿರೋರು ಇಬ್ಬರನ್ನೂ ಕೇಳೋ ಹಂಗೆ ಮಾಡಿದ್ವಿ. ನಮ್ಮ ಸ್ಟಾಫನ್ನೂ ಸೇರಿಸಿ. ನಾನೇ ಒಂದ್ಸಲ ಗಂಟಲು ನೋವು ಇಟ್ಕೊಂಡು, ರಜೆ ಹಾಕಿದ್ರೆ ಇನ್ನೊಬ್ಬರಿಗೆ ಡಬಲ್ ಡ್ಯೂಟಿ ಬೀಳುತ್ತೆ ಅಂತ ಹೇಳದೇ ಬಂದಿದ್ದೆ, ಆ ಸೊಸೆ ಹೇಳಿದ ಕಾರಣಕ್ಕೂ ನನ್ನ ಕಾರಣಕ್ಕೂ ಏನು ವ್ಯತ್ಯಾಸ?

ಕ್ರಮ ಬದಲಾದ್ಮೇಲೆ ರಿಜಿಸ್ಟರಲ್ಲಿ "ಹೌದು" ಜಾಸ್ತಿ ಆಯ್ತು, ಇನ್ಫೆಕ್ಷನ್ ಯಾಕೆ ಏರ್ತಾ ಇದೆ ಅಂತ ನಂಗೇ ಮೀಟಿಂಗಲ್ಲಿ ಪ್ರಶ್ನೆ ಬಂತು. ಏರಿಲ್ಲ ಸರ್, ಈಗ ಹೇಳ್ತಿದಾರೆ ಅಷ್ಟೇ ಅಂದೆ, ನಂಬಿದ್ರೋ ಇಲ್ವೋ.

ಮೊನ್ನೆ ರಾತ್ರಿ ಅಪ್ಪನ ಜೊತೆಗಿದ್ದ ಹುಡುಗ ಒಬ್ಬ ತಾನೇ ವಾರ್ಡಿಂದ ಇಳಿದು ಬಂದ. "ಸಿಸ್ಟರ್, ಸಾಯಂಕಾಲದಿಂದ ಗಂಟಲು ಕೆರೀತಿದೆ, ಅಕ್ಕಂಗೆ ಫೋನ್ ಮಾಡಿದೀನಿ, ಅವ್ಳು ಬರೋವರ್ಗೂ ಎಲ್ಲಿ ಕೂರ್ಲಿ?" ಕಿಟಕಿ ಹತ್ರ ಆಗ್ಲೇ ಇಬ್ಬರು ಕೂತಿದ್ರು. ಮಾಸ್ಕ್ ಕೊಟ್ಟು, ಇನ್ನೊಂದು ಕುರ್ಚಿ ಹುಡುಕೋಕೆ ಹೋದೆ.