ದ್ವೀಪದ ಇಳಿಜಾರಿನಲ್ಲಿ ಲಾವಂಚ: ತರುವ, ನೆಡುವ ಮತ್ತು ಹತೋಟಿಯಲ್ಲಿಡುವ ಕ್ರಮ

ಉಷ್ಣವಲಯದ ಗುಡ್ಡಗಾಡು ದ್ವೀಪಗಳಲ್ಲಿ ಹೊಳೆಗಳ ಹರಿವಿನ ದೂರ ಕಡಿಮೆ, ಇಳಿಜಾರು ಹೆಚ್ಚು. ಜೋರು ಮಳೆ ಸುರಿದ ಕೆಲವೇ ಗಂಟೆಗಳಲ್ಲಿ ತೋಟದ ಮೇಲ್ಮಣ್ಣು ಕಡಲನ್ನು ಸೇರಿ, ಹವಳದ ದಿಬ್ಬಗಳ ಮೇಲೆ ಹೂಳಾಗಿ ಕೂರುತ್ತದೆ. ಆ ಮಣ್ಣನ್ನು ಗುಡ್ಡದಲ್ಲಿಯೇ ತಡೆದು ನಿಲ್ಲಿಸುವುದಕ್ಕೆ ಲಾವಂಚದಷ್ಟು ಕಡಿಮೆ ಖರ್ಚಿನ ಹುಲ್ಲು ಸಿಗುವುದು ಕಷ್ಟ. ಫಿಜಿಯಲ್ಲಿ 1950ರ ದಶಕದಲ್ಲಿ ಸಕ್ಕರೆ ಕಂಪನಿಯೊಂದು ಇಳಿಜಾರಿನ ಕಬ್ಬಿನ ಗದ್ದೆಗಳಿಗೆ ಇದನ್ನು ಸಾಲಾಗಿ ನೆಡಿಸಿದಾಗ, ಸಾಲುಗಳ ಹಿಂದೆ ಹೂಳು ನಿಂತು ಕಾಲಕ್ರಮದಲ್ಲಿ ತಾನೇತಾನಾಗಿ ಮೆಟ್ಟಿಲು ಗದ್ದೆಗಳು ಮೂಡಿದವು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಈ ವಿಧಾನವನ್ನು ಪ್ರಚಾರ ಮಾಡಿದ್ದರ ಹಿಂದೆ ಫಿಜಿಯ ಆ ಅನುಭವವೂ ಇತ್ತು.

ಆದರೂ ಲಾವಂಚ ದ್ವೀಪಗಳಿಗೆ ಹೊರಗಿನಿಂದ ಬಂದ ಸಸ್ಯ. ಅದರ ತವರು ಭಾರತ. ಹೊರಗಿನಿಂದ ತಂದ ಹುಲ್ಲುಗಳು ದ್ವೀಪಗಳಿಗೆ ಏನು ಮಾಡಬಲ್ಲವೆಂಬುದನ್ನು ಹವಾಯಿಯ ಪಾಳುಬಿದ್ದ ತೋಟಗಳನ್ನು ಆವರಿಸಿರುವ ಗಿನಿ ಹುಲ್ಲು ತೋರಿಸಿಕೊಟ್ಟಿದೆ. 2023ರಲ್ಲಿ ಲಹೈನಾ ಪಟ್ಟಣವನ್ನು ಸುಟ್ಟ ಬೆಂಕಿಗೆ ಅಂಥ ಒಣ ಹುಲ್ಲುಗಳೇ ಮೇವಾದವು. ಲಾವಂಚ ಆ ಗುಂಪಿಗೆ ಸೇರಿದ್ದಲ್ಲ, ಆದರೆ ಸರಿಯಾದ ತಳಿಯನ್ನು ಆರಿಸಿಕೊಂಡರೆ ಮಾತ್ರ ಈ ಮಾತು ನಿಜ. ಆ ತಳಿ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಅದರ ಬೇರಿನ ಮಣ್ಣಿನಲ್ಲಿ ಅಡಗಿ ಬರುವ ಜೀವಿಗಳು ಹೋಗುತ್ತವೆ. ಹೆಚ್ಚಿನ ಎಚ್ಚರಿಕೆ ಬೇಕಾದದ್ದು ಅಲ್ಲಿಯೇ.

ಲಾವಂಚದಲ್ಲಿ ಬೀಜ ಕಟ್ಟುವ ಉತ್ತರ ಭಾರತದ ಬಗೆ ಮತ್ತು ಹೂ ಬಿಟ್ಟರೂ ಮೊಳೆಯುವ ಬೀಜ ಕೊಡದ ದಕ್ಷಿಣ ಭಾರತದ ಬಗೆ ಎಂದು ಎರಡಿವೆ. ದ್ವೀಪಕ್ಕೆ ತಕ್ಕದ್ದು ಎರಡನೆಯದು ಮಾತ್ರ. ಜಗತ್ತಿನಾದ್ಯಂತ ಮಣ್ಣು ಸಂರಕ್ಷಣೆಗೆ ನೆಟ್ಟಿರುವ ಬೀಜರಹಿತ ಲಾವಂಚದ ಬಹುಪಾಲು 'ಸನ್‌ಶೈನ್' ಎಂದು ಕರೆಯುವ ಒಂದೇ ತಳಿಯದೆಂದು ಡಿಎನ್‌ಎ ಪರೀಕ್ಷೆಗಳು ತೋರಿಸಿವೆ. ಒಂದೇ ತಳಿಯನ್ನು ಇಷ್ಟೊಂದು ನೆಚ್ಚಿಕೊಂಡಿರುವುದು ರೋಗದ ದೃಷ್ಟಿಯಿಂದ ಅಷ್ಟೇನೂ ನೆಮ್ಮದಿಯ ಸಂಗತಿಯಲ್ಲವಾದರೂ, ಹರಡುವಿಕೆಯ ದೃಷ್ಟಿಯಿಂದ ಅದು ಅನುಕೂಲವೇ. ಆಫ್ರಿಕಾ ಮೂಲದ ಹತ್ತಿರದ ಪ್ರಭೇದವೊಂದು ಬೀಜ ಕಟ್ಟುವುದರಿಂದ ಅದನ್ನು ತರಬಾರದು. ಸಸಿ ಕೊಡುವವರ ಮಾತನ್ನಷ್ಟೇ ನಂಬದೆ, ಅವರ ಹಳೆಯ ಸಾಲುಗಳ ಬಳಿ ಮಳೆಗಾಲದಲ್ಲಿ ಒಮ್ಮೆ ನಡೆದಾಡಿ ನೋಡಬೇಕು. ಬುಡಕ್ಕೆ ಅಂಟಿಕೊಳ್ಳದೆ, ದೂರದ ತೇವದ ಚರಂಡಿಯಲ್ಲೋ ದಾರಿಯಂಚಿನಲ್ಲೋ ಬಿಡಿಬಿಡಿಯಾಗಿ ಎಳೆಯ ಲಾವಂಚ ಮೊಳೆತಿದ್ದರೆ ಆ ನರ್ಸರಿಯ ಸಸಿ ಬೇಡ.

ದ್ವೀಪದಲ್ಲಿಯೇ ಬೀಜ ಕಟ್ಟದ ಲಾವಂಚ ಮೊದಲಿನಿಂದಲೂ ಇದ್ದರೆ ಹೊರಗಿನಿಂದ ತರಿಸುವ ಪ್ರಶ್ನೆಯೇ ಏಳಬಾರದು. ಕೆರಿಬಿಯನ್ನಿನ ಬಾರ್ಬಡೋಸ್‌ನಂತಹ ಕಡೆಗಳಲ್ಲಿ ಅದು ಬಹುಕಾಲದಿಂದ ಹೊಲದಂಚುಗಳಲ್ಲಿದೆ. ತರಿಸಲೇಬೇಕಾದರೆ ಸಸ್ಯ ಕ್ವಾರಂಟೈನ್ ಕಚೇರಿಯ ಅನುಮತಿಯನ್ನು ಮೊದಲೇ ಪಡೆದು, ಅಂಗಾಂಶ ಕೃಷಿಯ ಸಸಿಗಳನ್ನು, ಇಲ್ಲವೇ ಮಣ್ಣನ್ನು ಪೂರ್ತಿ ತೊಳೆದ ಬರಿಬೇರಿನ ತೆಂಡೆಗಳನ್ನು (ಬುಡದಿಂದ ಒಡೆಯುವ ಚಿಗುರುಗಳನ್ನು) ಮಾತ್ರ ತರಿಸಬೇಕು. ಕುಂಡದ ಮಣ್ಣಿನೊಡನೆ ಬರುವುದೇನೂ ಸಣ್ಣದಲ್ಲ: ಹವಾಯಿಗೆ ಕೋಕಿ ಕಪ್ಪೆ ಕುಂಡದ ಗಿಡಗಳ ಜೊತೆಯಲ್ಲಿಯೇ ಬಂತು, ಶಾಂತಸಾಗರದ ಹಲವು ದ್ವೀಪಗಳನ್ನು ಕಾಡುತ್ತಿರುವ ಪುಟ್ಟ ಬೆಂಕಿ ಇರುವೆಯೂ ಗಿಡ ಮಣ್ಣುಗಳೊಂದಿಗೆ ಸಾಗುತ್ತದೆ. ಒಂದೇ ದ್ವೀಪದೊಳಗೆ ಒಂದು ಕಣಿವೆಯಿಂದ ಇನ್ನೊಂದಕ್ಕೆ ಸಸಿ ಸಾಗಿಸುವಾಗಲೂ ಈ ಇರುವೆಯ ಪರೀಕ್ಷೆ ಬೇಕು. ಸಣ್ಣ ಕಡ್ಡಿಗಳ ತುದಿಗೆ ಶೇಂಗಾ ಬೆಣ್ಣೆಯನ್ನು ತೆಳುವಾಗಿ ಸವರಿ, ಸಸಿಗಳ ನಡುವೆ ನೆರಳಿನಲ್ಲಿ ಸುಮಾರು ಒಂದು ಗಂಟೆ ಇಟ್ಟು ನೋಡಿ. ಒಂದೂವರೆ ಮಿಲಿಮೀಟರಿನಷ್ಟು ಉದ್ದದ, ಕಿತ್ತಳೆ ಬಣ್ಣದ, ನಿಧಾನವಾಗಿ ಹರಿದಾಡುವ ಇರುವೆಗಳು ಮುತ್ತಿದ್ದರೆ ಆ ಕಟ್ಟನ್ನು ಅಲ್ಲಿಂದ ಕದಲಿಸದೆ ಅಧಿಕಾರಿಗಳಿಗೆ ತಿಳಿಸಬೇಕು.

ಎಲ್ಲ ಜಾಗಕ್ಕೂ ಲಾವಂಚ ಬೇಡ. ಸಮತಟ್ಟಾದ ಹವಳದ್ವೀಪದಲ್ಲಿ ಹರಿದುಹೋಗುವ ಮಣ್ಣೇ ಇಲ್ಲದಿರುವಾಗ ಅದನ್ನು ನೆಡುವುದಕ್ಕೆ ಕಾರಣವಿಲ್ಲ. ಅಲೆ ಬಡಿಯುವ ಮರಳಿನ ದಡವನ್ನು ಅಡುಂಬು ಬಳ್ಳಿಯಂತಹ ಕಡಲಂಚಿನ ಸಸ್ಯಗಳಿಗೇ ಬಿಡುವುದು ಲೇಸು. ನೆರಳನ್ನು ಲಾವಂಚ ಸಹಿಸುವುದಿಲ್ಲ, ಆದ್ದರಿಂದ ದಟ್ಟ ಮರಗಳ ಅಡಿಯಲ್ಲಿ ಸಾಲು ತೆಳ್ಳಗಾಗಿ ಕಂಡಿ ಬೀಳುತ್ತದೆ. ಬೋಳುಬಿದ್ದ ಗುಡ್ಡದಲ್ಲಿ ಸ್ಥಳೀಯ ಮರಗಳನ್ನು ಬೆಳೆಸುವವರಿಗೆ ಮಾತ್ರ ಇದೇ ದೌರ್ಬಲ್ಯ ಉಪಕಾರಿ: ಮರಗಳು ಬೇರೂರುವವರೆಗೆ ಲಾವಂಚ ಮಣ್ಣನ್ನು ಹಿಡಿದಿರುತ್ತದೆ, ಅವು ಚಾವಣಿ ಹೆಣೆದ ಮೇಲೆ ತಾನೇ ಸೊರಗುತ್ತದೆ.

ಸಾಲು ಸಮಪಾತಳಿಯಲ್ಲಿಯೇ ಇರಬೇಕು; ಸ್ವಲ್ಪ ಓರೆಯಾದರೂ ನೀರು ಸಾಲಿನುದ್ದಕ್ಕೂ ಹರಿದು ತಗ್ಗಿನ ತುದಿಯಲ್ಲಿ ಕೊರಕಲು ತೋಡುತ್ತದೆ. ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಸುಮಾರು ಎರಡು ಮೀಟರ್ ಉದ್ದದ ಎರಡು ಕೋಲುಗಳನ್ನು ಮೇಲ್ತುದಿಯಲ್ಲಿ ಕಟ್ಟಿ, ನಡುವೆ ಅಡ್ಡಪಟ್ಟಿ ಬಿಗಿದು, ತುದಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟರೆ ಚೌಕಟ್ಟು ಸಿದ್ಧ. ಎರಡು ಗೂಟಗಳ ಮೇಲೆ ಅದನ್ನು ನಿಲ್ಲಿಸಿ ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಹಾಕಿ, ಬಳಿಕ ಕಾಲುಗಳನ್ನು ಅದಲುಬದಲು ಮಾಡಿ ಇನ್ನೊಂದು ಗುರುತು ಹಾಕಿ. ಎರಡರ ನಟ್ಟನಡುವೆ ದಾರ ನಿಂತಾಗ ಎರಡು ಕಾಲುಗಳೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಗಾಳಿಗೆ ದಾರ ಓಲಾಡುವುದರಿಂದ ಬೆಳಗಿನ ಹೊತ್ತು ಈ ಕೆಲಸಕ್ಕೆ ಅನುಕೂಲ. ಒಂದು ಸಾಲಿನಿಂದ ಮುಂದಿನ ಸಾಲಿಗೆ ಎರಡು ಮೀಟರ್ ಇಳಿತ ಇರುವಂತೆ ಗುರುತು ಮಾಡಿದರೆ, ಶೇಕಡಾ 20ರ ಇಳಿಜಾರಿನಲ್ಲಿ ಸಾಲುಗಳ ನಡುವೆ ಸುಮಾರು ಹತ್ತು ಮೀಟರ್ ಬೆಳೆಗೆ ಉಳಿಯುತ್ತದೆ. ತೀರ ಕಡಿದಾದ, ಸಡಿಲ ಮಣ್ಣಿನ ಜಾಗದಲ್ಲಿ ಇಳಿತವನ್ನು ಒಂದು ಮೀಟರಿಗೆ ಇಳಿಸಬೇಕು.

ಮಳೆಗಾಲದ ಆರಂಭದಲ್ಲಿ, ನೆಲ ಚೆನ್ನಾಗಿ ನೆನೆದ ಮೇಲೆ ನೆಡಬೇಕು. ಅಗೆದ ಬುಡವನ್ನು ಎರಡು ಮೂರು ತೆಂಡೆಗಳ ಕಟ್ಟುಗಳಾಗಿ ಬಿಡಿಸಿ, ಎಲೆಯನ್ನು 20 ಸೆಂಟಿಮೀಟರಿಗೂ ಬೇರನ್ನು 10 ಸೆಂಟಿಮೀಟರಿಗೂ ಕತ್ತರಿಸಿ, ಹೂ ಬಿಟ್ಟು ಗಟ್ಟಿಯಾದ ಹಳೆಯ ದಂಟುಗಳನ್ನು ಬಿಸಾಡಬೇಕು. ನೆಡುವವರೆಗೆ ಕಟ್ಟುಗಳು ಒದ್ದೆ ಗೋಣಿಯಲ್ಲಿ ನೆರಳಿನಲ್ಲಿರಲಿ. ಸಾಲಿನಲ್ಲಿ 10ರಿಂದ 15 ಸೆಂಟಿಮೀಟರಿಗೊಂದರಂತೆ ಇಳಿಸಿ, ಬುಡದ ಮಣ್ಣನ್ನು ಕಾಲಿನಿಂದ ಬಿಗಿಯಾಗಿ ಒತ್ತಿ, ಒಂದು ಎಲೆ ಹಿಡಿದು ಎಳೆದು ನೋಡಿ: ಎಲೆ ಹರಿದರೆ ನಾಟಿ ಸರಿಯಾಗಿದೆ, ಬುಡವೇ ಕೈಗೆ ಬಂದರೆ ಮತ್ತೆ ನೆಡಬೇಕು. ಅಂತರ ಹೆಚ್ಚಿಸಿ ಸಸಿ ಉಳಿಸುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಅದು ಸುಳ್ಳು ಉಳಿತಾಯ. ಒಂದು ಕಂಡಿಯಿದ್ದರೂ ನೀರೆಲ್ಲ ಅಲ್ಲಿಯೇ ನುಗ್ಗಿ ಸಾಲೇ ನಿರುಪಯುಕ್ತವಾಗುತ್ತದೆ. ಹಾಗಾಗಿ ಮೊದಲ ಎರಡು ಮೂರು ವಾರ ಮಳೆ ಕೈಕೊಟ್ಟರೆ ನೀರುಣಿಸಿ, ಕಳೆ ತೆಗೆದು, ಸತ್ತ ಸಸಿಗಳ ಜಾಗವನ್ನು ಅದೇ ಹಂಗಾಮಿನಲ್ಲಿ ತುಂಬಬೇಕು.

ನಾಲ್ಕು ತಿಂಗಳಾದ ಮೇಲೆ ಮೊದಲ ಕಟಾವು ಮಾಡಿ, ಮುಂದೆ ವರ್ಷಕ್ಕೆ ಎರಡು ಮೂರು ಸಲ 30ರಿಂದ 50 ಸೆಂಟಿಮೀಟರ್ ಎತ್ತರಕ್ಕೆ ಕುಡುಗೋಲಿನಿಂದ ಕೊಯ್ದರೆ ತೆಂಡೆ ಹೆಚ್ಚಿ ಸಾಲು ದಟ್ಟವಾಗುತ್ತದೆ. ಒಂದು ಕಟಾವು ಒಣಹವೆಗೆ ಮುಂಚೆ ಆಗಲೇಬೇಕು, ಏಕೆಂದರೆ ಒಣಗಿದ ಎಲೆ ಚೆನ್ನಾಗಿ ಉರಿಯುತ್ತದೆ. ಕೊಯ್ದದ್ದನ್ನು ಸಾಲಿನ ಮೇಲ್ಬದಿಯಲ್ಲಿ ತೆಳುವಾಗಿ ಹಾಸಿ, ರಾಶಿ ಹಾಕಬೇಡಿ. ಕೊಳೆತ ರಾಶಿಗಳು ತೆಂಗಿನ ಕುರುವಾಯಿ ದುಂಬಿಗೆ ತೊಟ್ಟಿಲು. ಆ ದುಂಬಿ 2007ರಲ್ಲಿ ಗುವಾಮ್‌ನಲ್ಲಿ, 2013ರಲ್ಲಿ ಹವಾಯಿಯ ಓಅಹು ದ್ವೀಪದಲ್ಲಿ ಪತ್ತೆಯಾಗಿದೆ.

ಬೇರಿನ ಎಣ್ಣೆಯ ಆಸೆಗೆ ಈ ಸಾಲುಗಳನ್ನು ಅಗೆಯಬಾರದು. ಹೈಟಿಯ ದಕ್ಷಿಣ ಭಾಗದಲ್ಲಿ ಎಣ್ಣೆಗಾಗಿ ಇದೇ ಹುಲ್ಲನ್ನು ಇಳಿಜಾರುಗಳಲ್ಲಿ ಬೆಳೆದು ಬೇರುಸಹಿತ ಕೀಳುವುದರಿಂದ, ಮಣ್ಣು ಕಾಯಬೇಕಾದ ಬೆಳೆಯೇ ಮಣ್ಣು ಸಡಿಲಿಸುವ ಬೆಳೆಯಾಗಿದೆ. ಎಣ್ಣೆಗೆ ಬೇಕಾದರೆ ಸಮತಟ್ಟು ಜಾಗದಲ್ಲಿ ಬೇರೆಯಾಗಿ ಬೆಳೆಯಬೇಕು.

ಸಾಲನ್ನು ತೆಗೆಯಬೇಕಾಗಿ ಬಂದರೂ ಬೇರುಗಳನ್ನು ಕೀಳಬೇಕಿಲ್ಲ. ಲಾವಂಚಕ್ಕೆ ನೆಲದಡಿ ಹಬ್ಬುವ ಗೆಡ್ಡೆಯಾಗಲಿ ಹರಿಯುವ ಬಳ್ಳಿಯಾಗಲಿ ಇಲ್ಲ. ಚಿಗುರುವುದು ಬುಡದಿಂದ ಮಾತ್ರ. ಎಲೆಗಳನ್ನು ಕೊಯ್ದ ಮೇಲೆ, ಹರಿತವಾದ ಗುದ್ದಲಿಯಿಂದ ನೆಲದಿಂದ 15ರಿಂದ 20 ಸೆಂಟಿಮೀಟರ್ ಕೆಳಗೆ ಬುಡವನ್ನು ಕತ್ತರಿಸಿ ಎತ್ತಿ, ತಲೆಕೆಳಗಾಗಿ ಬಿಸಿಲಿಗೆ ಒಣಗಿಸಿದರೆ ಸಾಕು. ಹೂಳು ಕಟ್ಟಿದ ಹಳೆಯ ಸಾಲಿನಲ್ಲಿ ಬುಡವೂ ಮಣ್ಣಿನ ಜೊತೆ ಮೇಲೇರಿ ಹೊಸ ಗಿಣ್ಣುಗಳಿಂದ ಬೇರು ಬಿಟ್ಟಿರುವುದರಿಂದ ಇನ್ನೂ ಸ್ವಲ್ಪ ಆಳಕ್ಕೆ ಕತ್ತರಿಸಬೇಕಾಗುತ್ತದೆ. ಉಳಿದ ಬೇರುಗಳು ನೆಲದಲ್ಲಿಯೇ ಕೊಳೆಯುತ್ತವೆ. ಒಣಗದ ಬುಡಗಳನ್ನು ಹಳ್ಳಕ್ಕೆ ಎಸೆಯಬಾರದು, ಏಕೆಂದರೆ ತೇಲಿ ಹೋದ ಹಸಿ ಬುಡ ಕೆಳಗಿನ ದಡದಲ್ಲಿ ಮತ್ತೆ ಬೇರೂರಬಲ್ಲದು.