ಫಿಲಿಬಸ್ಟರ್ ಚರ್ಚೆಗೆ ತಯಾರಿ: ಬಳ್ಳಾರಿಯ ಕಾಲೇಜು ತಂಡಗಳಿಗೆ

ವಿಷಯ ‘ಸರ್ಕಾರ ಸ್ಥಗಿತಗೊಂಡಾಗ ಫಿಲಿಬಸ್ಟರ್ ರದ್ದಾಗಬೇಕೆ?’ ಎಂದಿದ್ದರೆ ಮೊದಲ ನಿಮಿಷವನ್ನು ಲೆಕ್ಕಕ್ಕೇ ಇಡಿ. ಫಿಲಿಬಸ್ಟರ್ ಎಂದರೆ ಅಮೆರಿಕದ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಚರ್ಚೆ ಮುಗಿಯಗೊಡದೆ ಮಸೂದೆ ತಡೆಯುವುದು; ಸ್ಥಗಿತ ಎಂದರೆ ಖರ್ಚಿನ ಮಸೂದೆ ಪಾಸಾಗದೆ ಅಲ್ಲಿನ ಸರ್ಕಾರದ ಹಲವು ಕೆಲಸ, ಸಂಬಳ ನಿಲ್ಲುವುದು. ಅಮೆರಿಕದ ಸೆನೆಟ್‌ನಲ್ಲಿ 100 ಸದಸ್ಯರು. ಮಸೂದೆ ಪಾಸಾಗಲು 51 ಮತ ಸಾಕು, ಆದರೆ ಚರ್ಚೆ ಮುಗಿಸಲು 60 ಬೇಕು. ಇದನ್ನು ಬಿಡಿಸಿ ಹೇಳದಿದ್ದರೆ ಮುಂದಿನದು ಯಾರ ತಲೆಗೂ ಹೋಗದು.

ಪರ ಮಾತಾಡುವವರು ರದ್ದತಿಯ ದಾರಿಯನ್ನೂ ತೋರಿಸಬೇಕು: ಸದಸ್ಯರೊಬ್ಬರು ಕ್ರಿಯಾಲೋಪ (ನಿಯಮದ ಬಗ್ಗೆ ಆಕ್ಷೇಪ) ಎತ್ತುತ್ತಾರೆ, ಪೀಠ ಹಳೆಯ ನಿಯಮದಂತೆ ರೂಲಿಂಗ್ ಕೊಡುತ್ತದೆ, ಸದನ ಸರಳ ಬಹುಮತದಿಂದ ಆ ರೂಲಿಂಗನ್ನು ತಳ್ಳಿಹಾಕುತ್ತದೆ. 2013ರಲ್ಲಿ ಸುಪ್ರೀಂ ಕೋರ್ಟ್ ಬಿಟ್ಟು ಇತರ ನೇಮಕಾತಿಗಳಿಗೆ, 2017ರಲ್ಲಿ ಸುಪ್ರೀಂ ಕೋರ್ಟ್ ನೇಮಕಕ್ಕೆ ಹೀಗೇ ಆಯಿತು. ಸ್ಥಗಿತದಲ್ಲಿ ಸಂಬಳವಿಲ್ಲದೆ ದುಡಿದ ವಿಮಾನ ಸಂಚಾರ ನಿಯಂತ್ರಕರನ್ನು ಹೇಳುವಾಗ, ತುಂಗಭದ್ರಾ ಕಾಲುವೆ ಗೇಟು ಕಾಯುವವರಿಗೆ ಪಗಾರ ನಿಂತಂತೆ ಎನ್ನಿ, ಸಭೆಗೆ ತಟ್ಟುತ್ತದೆ.

ವಿರೋಧದವರ ಕೈಯಲ್ಲಿ ಗಟ್ಟಿ ಅಸ್ತ್ರವಿದೆ: 2025ರ 43 ದಿನಗಳ ಸ್ಥಗಿತ ಫಿಲಿಬಸ್ಟರ್ ಮುಟ್ಟದೆಯೇ ಮುಗಿಯಿತು. (ಪರದವರ ಉತ್ತರ: ‘43 ದಿನ ಯಾಕೆ ಬೇಕಾಯಿತು?’)

ಅಂಕ ಹೋಗುವುದು ಸಾಮಾನ್ಯವಾಗಿ ಇಲ್ಲಿ: ನಮ್ಮ ವಿಧಾನಸಭೆಯ ಗದ್ದಲವನ್ನು ಫಿಲಿಬಸ್ಟರ್ ಎನ್ನುವುದು. ನಮ್ಮಲ್ಲಿ ಹಾಜರಿದ್ದು ಮತ ಹಾಕಿದವರ ಬಹುಮತ ಸಾಕು. ಬಜೆಟ್ ತಡವಾದರೆ ಸಂವಿಧಾನದ 206ನೇ ವಿಧಿಯ ಲೇಖಾನುದಾನ (ಬಜೆಟ್ ಪಾಸಾಗುವವರೆಗಿನ ಖರ್ಚಿಗೆ ಮುಂಗಡ ಒಪ್ಪಿಗೆ) ಇದೆ. ತೀರ್ಪುಗಾರರು ಇದನ್ನೇ ಕೆದಕಬಹುದು, ವಿಧಿಯ ಸಂಖ್ಯೆ ಬಾಯಿಪಾಠ ಇರಲಿ.